ಸರಿಯಾದ ಚಾಲ್, ಅರ್ಧ ಗೇಟು

ಕಾಲುವೆಯ ನೀರನ್ನು ಇನ್ನುಮುಂದೆ ಮೂರೆಲೆಯ ಇಸ್ಪೀಟು, ಅಂದರೆ ತೀನ್‌ಪತ್ತಿ, ಆಡಿಯೇ ಹಂಚತಕ್ಕದ್ದು ಎಂಬ ನಿಯಮ ಶಹಾಪುರ ಕಡೆಯ ಒಂದು ಕಾಲುವೆ ಕಚೇರಿಯಲ್ಲಿ ಜಾರಿಗೆ ಬಂದಿತು. ರೈತರು ಗೇಟಿನ ಹತ್ತಿರ ಬಡಿಗೆ ಹಿಡಿದು ನಿಲ್ಲುವುದು ಇಲಾಖೆಯ ಘನತೆಗೆ ಕುಂದೆಂದು ಮೇಲಿನವರಿಗೆ ಅನಿಸಿತ್ತು. "ಇದು ಜೂಜಲ್ಲ, ನೀರು ನಿರ್ವಹಣೆ" ಎಂದು ಗೋಡೆಗೆ ಪ್ರಕಟಣೆಯನ್ನೂ ಅಂಟಿಸಿದರು.

ಕಾಲುವೆಯ ಕೊನೆಯಂಚಿನ ಚಂದ್ರಾಮಪ್ಪ ದೇವರಿಗೆ ಕೈಮುಗಿದು ಎಲೆ ಎತ್ತಿದ. ಎರಡು ರಾಜ, ಒಂದು ನಾಲ್ಕು. ಹೊಲದಲ್ಲಿ ಭತ್ತ ಹೊಡೆಗೆ ಬಂದಿತ್ತು; ಈ ವಾರ ನೀರು ಬಾರದಿದ್ದರೆ ಕಾಳು ಕಟ್ಟುವಂತಿರಲಿಲ್ಲ. ಉಳಿದವರೆಲ್ಲ ಎಲೆ ಬಿಟ್ಟಿದ್ದರು. ಎದುರಿಗೆ ಕೂತವನು ಗೇಟಿನ ಬುಡದಲ್ಲೇ ಹೊಲವಿರುವ ಅಂಬ್ರಪ್ಪ ಒಬ್ಬನೇ. ಮೇಜಿನ ನಡುವೆ ಮೂರು ಪಾಳಿ ನೀರಿನ ಚೀಟಿಗಳು. ಎಲೆ ತೆರೆಸಬೇಕಾದರೆ ಚಂದ್ರಾಮಪ್ಪ ತನ್ನಲ್ಲಿ ಉಳಿದ ಒಂದೇ ಪಾಳಿಯನ್ನು ಪಣಕ್ಕೆ ಇಡಬೇಕು; ಆಟದ ಮಾತಿನಲ್ಲಿ ಅದೇ ಚಾಲ್.

"ಇಡ್ತಿಯೋ, ಮನಿ ಹಾದಿ ಹಿಡಿತಿಯೋ ಮಾವಾ?" ಅಂಬ್ರಪ್ಪ ಮೀಸೆ ತೀಡಿದ.

"ತಡಿಯೋ ಅಳಿಯಾ, ಲೆಕ್ಕ ಹಾಕಾಕತ್ತೇನಿ. ಒಂದು ಇಟ್ಟರ ನಾಕು ಬರ್ತಾವ. ನಾಕು ಸಲದಾಗ ಒಮ್ಮಿ ಗೆದ್ದರೂ ನನಗ ನುಕ್ಸಾನಿಲ್ಲ. ಈ ಎಲಿಗೆ ನಾಕರಾಗ ಎರಡು ಸಲ ಗೆಲುವು ಅದ. ಇಡೂದೇ ಧರ್ಮ."

ಇಟ್ಟ. ಎಲೆ ತಿರುವುವಷ್ಟರಲ್ಲಿ ಇಂಜಿನಿಯರ್ ಈಶಪ್ಪ ಸಾಹೇಬರು ಕೈ ಅಡ್ಡ ಹಿಡಿದರು.

"ಅರ್ಧ ಗೆಲುವು ಅಂತ ನೀವೇ ಅಂದ್ರಿ. ಮತ್ತ ಎಲಿ ತೆರಿಯೂದ್ಯಾಕ? ನಸೀಬಕ್ಕ ಸರಕಾರ ಜವಾಬ್ದಾರ ಅಲ್ಲ. ನಾಕೂ ಪಾಳಿ ನಿಮ್ಮವೇ, ಗೇಟು ಮಾತ್ರ ಅರ್ಧ ತೆರೀತೀವಿ."

"ಅರ್ಧ ತೆರದ್ರ ನೀರು ನನ್ನ ಹೊಲದ ತನಾ ಬರಂಗಿಲ್ರಿ ಸಾಹೇಬ್ರ! ಎಲ್ಲಾ ಅಂಬ್ರಪ್ಪನ ತೂಬಿನಾಗೇ ತೀರ್ತದ."

"ಅದು ನೀರಿನ ಸ್ವಭಾವ. ಹಂಚಿಕಿ ನ್ಯಾಯವಾಗೇ ಅದ."

ಅಂಬ್ರಪ್ಪ ತನ್ನ ಎಲೆಗಳನ್ನು ಬಹಳ ಗೌರವದಿಂದ ಕಟ್ಟಿನೊಳಗೆ ಸೇರಿಸಿದ. ಎರಡು, ಐದು, ಒಂಬತ್ತು, ಒಂದಕ್ಕೊಂದು ಬಣ್ಣವೂ ಕೂಡದವು, ಎರಡು ರಾಜರ ಮುಂದೆ ನಿಲ್ಲದವು. ಎಲ್ಲರಿಗೂ ಕಂಡವು, ಯಾರೂ ನೋಡಲಿಲ್ಲ.

ಗೇಟು ನಿಯಮದಂತೆ ಅರ್ಧ ತೆರೆಯಿತು. ಅಂಬ್ರಪ್ಪನ ಹೊಲ ತುಂಬಿತು. ಚಂದ್ರಾಮಪ್ಪನ ತೆನೆಗಳು ಬೆಳ್ಳಗಾದವು. ಅವನ ಹೆಂಡತಿ ಮೋನಮ್ಮ ಜೊಳ್ಳು ಭತ್ತ ಕೊಯ್ದು ಎಮ್ಮೆಗೆ ಹಾಕಿ, ಸೀದಾ ಕಚೇರಿಗೆ ಬಂದು ಈಶಪ್ಪ ಸಾಹೇಬರ ಮೇಜಿನ ಮುಂದೆ ನಿಂತಳು.

"ನನ್ನ ಗಂಡ ತಪ್ಪು ಆಡ್ಯಾನೇನ್ರಿ?"

"ಛೇ ಛೇ, ಅಪ್ಪಟ ಸರಿ ಆಡ್ಯಾರ, ತಾಯಿ. ನಿರ್ಣಯ ಸರಿ ಅದ. ಫಲ ನಮ್ಮ ಕಚೇರಿ ವ್ಯಾಪ್ತಿಗೆ ಬರೂದಿಲ್ಲ."

ಈ ಮಾತು ಮೋನಮ್ಮನಿಗೂ ಒಪ್ಪಿತವಾಯಿತು. ಗಂಡನ ಮರ್ಯಾದೆಯಾದರೂ ಉಳಿಯಿತಲ್ಲ. ಮುಂದಿನ ಹಂಗಾಮಿಗೆ ಇಲಾಖೆ ಚಂದ್ರಾಮಪ್ಪನಿಗೆ ಶಾಲು ಹೊದಿಸಿ, ಕೊನೆಯಂಚಿನ ರೈತರಿಗೆ ಸರಿಯಾದ ಚಾಲ್ ಕಲಿಸಲು ನೇಮಿಸಿತು. ರೈತರು ಶ್ರದ್ಧೆಯಿಂದ ಬಂದು ಕೂತರು. ಒಂದು ಇಟ್ಟರೆ ಎಷ್ಟು ಬರುತ್ತದೆಂದು ಬೆರಳು ಮಡಿಚಿ ಕಲಿತರು. ನೀರಿನ ಬಗ್ಗೆ ಯಾರೂ ಕೇಳಲಿಲ್ಲ. ಅದು ಪಾಠದಲ್ಲಿ ಇರಲಿಲ್ಲ.