ಅಂಗೈಯಗಲದ ಯಂತ್ರ, ಕಿಟಕಿಯ ಬಳಿಯ ಕುರ್ಚಿ

ಢಂ ಎಂದಿತು. ಸ್ವಲ್ಪ ಬಿಟ್ಟು ಇನ್ನೊಮ್ಮೆ ಢಂ. ಆ ಎರಡರ ನಡುವಿನ ಸಂದಿಯಲ್ಲಿ ತುತ್ತೂರಿಯೊಂದು ನುಸುಳಲು ನೋಡಿ, ಸಿಕ್ಕಿಹಾಕಿಕೊಂಡು, ನೋವಿನಿಂದ ಕೂಗಿತು. ಎದುರಿನ ಅಗ್ನಿಶಾಮಕ ಠಾಣೆಯ ವಾದ್ಯತಂಡ ಬೆಳಗಿನ ಅಭ್ಯಾಸಕ್ಕೆ ಇಳಿದಿತ್ತು. ಎಲ್ಲೂ ಬೆಂಕಿ ಬೀಳದ ದಿನಗಳಲ್ಲಿ ಅವರು ಹೀಗೆ ಬಾರಿಸುತ್ತಾರೆ. (ಬೆಂಕಿ ಬಿದ್ದ ದಿನ ಬೀದಿಗೆ ನೆಮ್ಮದಿ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.)

ಆ ಢಂಕಾರವನ್ನು ಮೀಟರ್ ಸಾಹೇಬರು ಮಹಡಿಯ ಕಿಟಕಿಯಲ್ಲಿ ನಿಂತುಕೊಂಡೇ ಕೇಳಿದರು. ನಿಂತುಕೊಂಡೇ ಕಾಫಿ ಕುಡಿದರು. ನಿಂತುಕೊಂಡೇ ಪೇಪರ್ ಓದಿದರು. ಮನೆಮನೆಯ ನೀರಿನ ಮೀಟರ್ ಓದುವುದು ಅವರ ಕೆಲಸ. ಹಗಲೆಲ್ಲ ಬಗ್ಗಿ ಗುಂಡಿ ನೋಡುವ ಮನುಷ್ಯನಿಗೆ ಮನೆಯಲ್ಲಾದರೂ ಕೂರಬೇಕು ಅನ್ನಿಸುವುದು ದೊಡ್ಡ ದುರಾಸೆಯೇನಲ್ಲ. ಅವರಿಗೊಂದು ಆರಾಮಕುರ್ಚಿಯೂ ಇತ್ತು. ಆದರೆ ಅದು ಮಡಿಸಿದ ಸ್ಥಿತಿಯಲ್ಲಿ ಮೆಟ್ಟಿಲ ತಿರುವಿನಲ್ಲಿ ಗೋಡೆಗೊರಗಿ, ಅನುಮತಿ ಸಿಗದ ಅರ್ಜಿದಾರನಂತೆ ವರ್ಷಗಟ್ಟಲೆ ಕಾಯುತ್ತಿತ್ತು.

ಕಿಟಕಿಯ ಮೂಲೆ ಖಾಲಿಯಿರಲಿಲ್ಲ. ಅವರ ಹೆಂಡತಿಯನ್ನು ಬೀದಿಯೆಲ್ಲ ಹೊಲಿಗೆಯಕ್ಕ ಎನ್ನುತ್ತದೆ. ಬಟ್ಟೆ ಕತ್ತರಿಸುವ ಮೊದಲು ಅಳತೆಯ ಪ್ರಕಾರ ಕಾಗದ ಕತ್ತರಿಸಿಟ್ಟುಕೊಳ್ಳುವುದು ಅವಳ ಪದ್ಧತಿ. ಒಬ್ಬೊಬ್ಬ ಗಿರಾಕಿಗೂ ತೋಳು, ಬೆನ್ನು, ಕಾಲು ಎಂದು ಬೇರೆ ಬೇರೆ ಕಾಗದ. ಅರ್ಧ ಬೀದಿಯ ಜನ ಕಂದು ಕಾಗದದ ರೂಪದಲ್ಲಿ ಆ ಮೂಲೆಯಲ್ಲಿ ಒಬ್ಬರ ಮೇಲೊಬ್ಬರು ಮಲಗಿದ್ದರು.

"ಸ್ವಲ್ಪ ಸರಿಸಿದ್ರೆ ಕುರ್ಚಿ ಹಿಡಿಯುತ್ತೆ ಕಣೇ."

"ಯಾರನ್ನ ಸರಿಸ್ಲಿ? ಠಾಣೆಯವರ ಪ್ಯಾಂಟೆಲ್ಲ ಅಲ್ಲೇ ಇದೆ. ಶನಿವಾರ ದೊಡ್ಡ ಅಧಿಕಾರಿ ಬರ್ತಾರಂತೆ. ಅಷ್ಟರಲ್ಲಿ ಬ್ಯಾಂಡಿನವರಿಗೆಲ್ಲ ಹೊಸ ಸಮವಸ್ತ್ರ ಆಗ್ಬೇಕು."

"ಹಾಗಲ್ಲ..."

"ನಮ್ಮನೇ ಕಾನೂನು ಗೊತ್ತಲ್ಲ ರೀ. ಒಂದು ಒಳಗೆ ಬಂದ್ರೆ ಒಂದು ಹೊರಗೆ. ನಿಮ್ಮ ಕುರ್ಚಿ ಬರ್ಲಿ, ಬೇಡ ಅನ್ನಲ್ಲ. ಅಷ್ಟೇ ಜಾಗದ್ದು ಇನ್ನೊಂದು ಹೋಗ್ಲಿ."

ಈ ಕಾನೂನಿಗೆ ಒಂದು ಉಪಕಲಮು ಬೇರೆ ಇತ್ತು. ಯಾವ ವಸ್ತು ಹೋಗಬೇಕೆಂಬ ವಿಚಾರಣೆಯಲ್ಲಿ ಹೊಲಿಗೆಯಕ್ಕ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಇದನ್ನ ಕೊನೇ ಸಲ ಯಾವಾಗ ಕೈಗೆ ತಗೊಂಡಿದ್ದು?" ಆ ಪ್ರಶ್ನೆಯ ಮುಂದೆ ಸಾಹೇಬರ ಮೀನಿನ ಗಾಳ ನಿಲ್ಲಲಿಲ್ಲ, ಕೊಳಲು ನಿಲ್ಲಲಿಲ್ಲ, ಮದುವೆಯ ಕೋಟೂ ನಿಲ್ಲಲಿಲ್ಲ.

ಹೀಗಿರುವಾಗ ಕಚೇರಿಯಲ್ಲಿ ಮೀಟರ್ ಲೆಕ್ಕ ಬರೆಯುವ ಹಳೆಯ ಕೈಯಂತ್ರಗಳನ್ನು ಬೇಕಾದವರು ಒಯ್ಯಿರಿ ಎಂದರು. ಸಾಹೇಬರು ಒಂದನ್ನು ಜೇಬಿಗೆ ಹಾಕಿಕೊಂಡು ಬಂದರು. ಕಂಪ್ಯೂಟರ್ ರಿಪೇರಿ ಮಾಡುವ ಭಾವಮೈದ ಅದನ್ನು ತಿರುಗಿಸಿ ನೋಡಿ, ಒಳಗಿದ್ದುದನ್ನೆಲ್ಲ ಅಳಿಸಿ, ಲಿನಕ್ಸ್ ಎಂಬ ಬಿಟ್ಟಿ ಕಾರ್ಯವ್ಯವಸ್ಥೆ ತುಂಬಿಕೊಟ್ಟ.

"ಭಾವ, ಇದು ಈಗ ಪೂರ್ತಿ ಕಂಪ್ಯೂಟರ್. ಆದ್ರೆ ಹೊಟ್ಟೆ ಚಿಕ್ಕದು. ನೋಡಿ ಬಡಿಸಿ."

"ಕಾರ್ಡು ಗೀರ್ಡು ಹಾಕಿ ದೊಡ್ಡದು ಮಾಡೋಕಾಗಲ್ವಾ?"

"ಕಾರ್ಡಿನ ಸಂದಿ ತುಕ್ಕು ಹಿಡಿದುಹೋಗಿದೆ. ಮೀಟರ್ ಗುಂಡಿಲಿ ಎಷ್ಟು ಸಲ ಬೀಳ್ಸಿದ್ರೋ ನೀವು!"

ಟೈಪು ಮಾಡಲು ತನ್ನ ಮಡಿಸುವ ಕೀಲಿಮಣೆಯನ್ನೂ ಅವನು ಎರವಲು ಕೊಟ್ಟು ಹೋದ. ಯಂತ್ರದ ಪಕ್ಕದ ಸಣ್ಣ ತೂತಿಗೆ ಅದರ ತಂತಿ ಸರಿಯಾಗಿ ಕೂರುತ್ತಿತ್ತು.

ಸಾಹೇಬರು ತಂತ್ರಾಂಶಗಳ ಪಟ್ಟಿ ತೆರೆದರು. ತೆರೆದವರು ಕಾಫಿ ಆರಿದ್ದನ್ನೂ ಗಮನಿಸಲಿಲ್ಲ. ಬೆರಳಿನಿಂದ ಎಷ್ಟು ಸರಿಸಿದರೂ ಪಟ್ಟಿ ಮುಗಿಯದು. ಆಕಾಶದ ನಕ್ಷತ್ರ ತೋರಿಸುವುದು, ಸೇತುವೆಯ ಭಾರ ಲೆಕ್ಕ ಹಾಕುವುದು, ಸಂಗೀತದ ಸ್ವರ ಬರೆಯುವುದು. ಎಲ್ಲವೂ ಬಿಟ್ಟಿ. ಯಾರೋ ಎಲ್ಲೋ ತಮ್ಮ ಊಟದ ಹೊತ್ತಿನಲ್ಲಿ ಕೂತು ಬರೆದು, ಬೇಕಾದವರು ತೆಗೆದುಕೊಳ್ಳಲಿ ಎಂದು ದಾರಿಯ ಬದಿಗಿಟ್ಟು, ಹೆಸರನ್ನೂ ದೊಡ್ಡದಾಗಿ ಹೇಳದೆ ಹೋಗಿದ್ದರು. ಅಷ್ಟು ಜನರ ಒಳ್ಳೆಯತನ ತಮ್ಮ ಅಂಗೈಯಲ್ಲಿ ಮಿನುಗುತ್ತಿದೆ ಅನ್ನಿಸಿ ಸಾಹೇಬರ ಮೈ ಜುಮ್ಮೆಂದಿತು. ಆ ಸಾಲಿನಲ್ಲಿ ಅವರಿಗಾಗಿಯೇ ಕಾದಂತೆ ಒಂದಿತ್ತು: ದರ್ಜಿಗಳಿಗಾಗಿ, ಮೈ ಅಳತೆ ತುಂಬಿದರೆ ತೋಳು, ಬೆನ್ನು, ಕಾಲುಗಳ ನಕ್ಷೆ ಬರೆದುಕೊಡುವ ತಂತ್ರಾಂಶ.

ಸಾಹೇಬರು ಕಿಟಕಿಯ ಮೂಲೆ ನೋಡಿದರು. ಮೆಟ್ಟಿಲ ಕಡೆ ನೋಡಿದರು. ಯಂತ್ರ ನೋಡಿದರು. ಮೂರೂ ಒಂದಕ್ಕೊಂದು ಕೂಡಿಕೊಂಡವು.

"ಕೇಳಿಲ್ಲಿ. ನಿನ್ನ ಕಾಗದವೆಲ್ಲ ಇದರೊಳಗೆ ಹೋಗುತ್ತೆ."

"ಇದ್ರೊಳಗಾ? ನನ್ನ ಗುಂಡಿ ಡಬ್ಬಿ ಇದಕ್ಕಿಂತ ದೊಡ್ಡದು."

"ನೋಡ್ತಿರು."

ತಂತ್ರಾಂಶವನ್ನು ಬಾ ಎಂದು ಕರೆದರು. ಅದು ಒಂಟಿಯಾಗಿ ಬರುವ ಪೈಕಿಯದಲ್ಲ. ಒಬ್ಬ ನೆಂಟನನ್ನು ಕರೆದರೆ ಅವನ ಚಿಕ್ಕಪ್ಪ, ಚಿಕ್ಕಪ್ಪನ ಷಡ್ಡಕ, ಷಡ್ಡಕನ ಟ್ರಂಕು ಎಲ್ಲ ಗಾಡಿಯಿಂದ ಇಳಿದಂತೆ, ಅದರ ಹಿಂದೆ ಗೆರೆ ಎಳೆಯುವವು, ಲೆಕ್ಕ ಹಾಕುವವು, ಬಣ್ಣ ತುಂಬುವವು ಸಾಲುಗಟ್ಟಿದವು. ಯಂತ್ರ ಎಲ್ಲರನ್ನೂ ಬಾಗಿಲಲ್ಲೇ ಎಣಿಸಿ ವಿನಯದಿಂದ ಹೇಳಿತು: ಜಾಗ ಸಾಲದು.

ಹತಾಶರಾಗಬೇಕಿದ್ದ ಸಾಹೇಬರು ಒಳಗೊಳಗೇ ಹಿಗ್ಗಿದರು. ಜೀವಮಾನವಿಡೀ ಆರೋಪಿಯ ಕಟಕಟೆಯಲ್ಲಿ ನಿಂತವರಿಗೆ ಇಂದು ನ್ಯಾಯಾಧೀಶರ ಪೀಠ ಸಿಕ್ಕಿತ್ತು. ಮೊದಲು, ಮುಂಚೆಯೇ ಇದ್ದ ತಂತ್ರಾಂಶಗಳು ಬಿಚ್ಚಿಕೊಂಡ ಮೇಲೂ ಯಂತ್ರ ಅವುಗಳ ಖಾಲಿ ಪೊಟ್ಟಣಗಳನ್ನು ಎತ್ತಿಟ್ಟುಕೊಂಡಿರುವುದು ಗೊತ್ತಾಯಿತು. (ಸಾಹೇಬರದ್ದೂ ಅದೇ ಬುದ್ಧಿಯಾದ್ದರಿಂದ ಸ್ವಲ್ಪ ನಾಚಿಕೆಯಾಯಿತು.) ಅವು ಹೋದವು. ಆಮೇಲೆ ಆಟಗಳು.

"ಇದನ್ನ ಕೊನೇ ಸಲ ಯಾವಾಗ ಕೈಗೆ ತಗೊಂಡಿದ್ದು?" ಎಂದು ಸಾಹೇಬರು ಯಂತ್ರವನ್ನು ಗಂಭೀರವಾಗಿ ಕೇಳಿದರು.

"ಯಾರ ಹತ್ರ ಮಾತಾಡ್ತಿದೀರಿ?" ಹೊಲಿಗೆಯಕ್ಕ ತಲೆಯೆತ್ತಿದಳು.

"ವಿಚಾರಣೆ ನಡೀತಿದೆ. ನೀನು ಸುಮ್ನಿರು."

ತಮಗೆ ಬಾರದ ಭಾಷೆಗಳ ಅಕ್ಷರಗಳು ಹೋದವು. ಮುದ್ರಣ ಯಂತ್ರವಿಲ್ಲದ ಮನೆಯಲ್ಲಿ ಮುದ್ರಿಸುವ ಸಿದ್ಧತೆ ಯಾಕೆ? ಹೋಯಿತು. ಸಹಾಯದ ಪುಟಗಳೆಲ್ಲ ಹೋದವು. ಸಹಾಯ ಕೇಳುವ ಗಂಡಸು ಅವರಲ್ಲ. ಆದರೂ ಒಂದು ಚೂರು, ಒಂದೇ ಒಂದು ಚೂರು ಜಾಗ ಸಾಲದಾಯಿತು. ಆಗ ಕಣ್ಣಿಗೆ ಬಿತ್ತು: ತೆರೆಯ ಮೇಲಿನ ಕೀಲಿಮಣೆ. ಬೆರಳು ಮುಟ್ಟಿದರೆ ಗಾಜಿನ ಮೇಲೆ ಅಕ್ಷರಗಳು ಮೂಡುವ ವ್ಯವಸ್ಥೆ. ಎದುರಿಗೆ ಭಾವಮೈದನ ಗಟ್ಟಿಮುಟ್ಟಾದ, ಟಕಟಕ ಎನ್ನುವ ಕೀಲಿಮಣೆ ಇರುವಾಗ ಈ ಮಾಯೆಯ ಕೀಲಿಮಣೆ ಯಾಕೆ? ಕೊನೆಯ ಸಲ ಯಾವಾಗ ಕೈಗೆ ತಗೊಂಡಿದ್ದು? ಒಂದು ಸಲವೂ ಇಲ್ಲ.

ಯಂತ್ರ ಕೇಳಿತು: ನಿಜವಾಗಿಯೂ ತೆಗೆಯಲೇ?

ಹೂಂ, ತೆಗಿ.

ಅಷ್ಟೇ. ನೆಂಟರೆಲ್ಲ ಒಳಗೆ ಬಂದು ಚೊಕ್ಕವಾಗಿ ಕೂತರು. ಸಾಹೇಬರು ಕೂತು (ನಿಂತು) ಕಾಗದಗಳ ಮೇಲೆ ಬರೆದಿದ್ದ ಅಳತೆಗಳನ್ನೆಲ್ಲ ತುಂಬಿದರು. ವಾದ್ಯತಂಡದಲ್ಲಿ ದೊಡ್ಡ ನಗಾರಿ ಬಾರಿಸುವವರ ಪ್ಯಾಂಟಿನ ನಕ್ಷೆ ತೆರೆಯ ಮೇಲೆ ತಾನೇ ತಾನಾಗಿ, ಒಂದೊಂದೇ ಗೆರೆಯಾಗಿ, ಮುಂಜಾನೆಯ ಬೆಟ್ಟ ಮಂಜಿನಿಂದ ಹೊರಬರುವ ಹಾಗೆ ಮೂಡಿತು. ಹೊಲಿಗೆಯಕ್ಕ ಕತ್ತರಿ ಕೆಳಗಿಟ್ಟು ಬಂದಳು. ಬಗ್ಗಿ ನೋಡಿದಳು. ಟೇಪು ತಂದು ಕಾಗದಕ್ಕೂ ತೆರೆಯ ಅಂಕಿಗೂ ತಾಳೆ ನೋಡಿದಳು.

"ಅಬ್ಬ! ಮೊಣಕಾಲಿನ ಹತ್ರ ನಾನು ಬಿಡೋ ಸಡಿಲಾನೂ ಬಿಟ್ಟಿದೆಯಲ್ರೀ."

ಅವಳ ಬಾಯಲ್ಲಿ ಅಬ್ಬ ಎಂಬ ಶಬ್ದವನ್ನು ಸಾಹೇಬರು ಮದುವೆಯಾದಂದಿನಿಂದ ಕೇಳಿರಲಿಲ್ಲ. ಅದನ್ನು ಹಾಗೇ ಎದೆಯಲ್ಲಿಟ್ಟುಕೊಂಡು, ಅವಳು ಮನಸ್ಸು ಬದಲಾಯಿಸುವ ಮೊದಲೇ ಕಾಗದದ ರಾಶಿಯನ್ನು ಹೊತ್ತು ರದ್ದಿ ಅಂಗಡಿಗೆ ಓಡಿದರು. ಬರುವಾಗ ಕುರ್ಚಿ ಹೊತ್ತು ತಂದರು. ಸಂಜೆ ಕಿಟಕಿಯ ಬಳಿ ಕಾಲು ಚಾಚಿ ಕೂತಾಗ ಎದುರಿನ ತುತ್ತೂರಿ ಕೂಡ ಶ್ರುತಿಯಲ್ಲಿದ್ದಂತೆ ಕೇಳಿಸಿತು.

ಆ ಹೊತ್ತಿಗೆ ಭಾವಮೈದ ಬಂದ. "ಭಾವ, ಪರವೂರಲ್ಲಿ ಕೆಲಸ ಬಂದಿದೆ, ಸೋಮವಾರ ಬರ್ತೀನಿ. ನನ್ನ ಕೀಲಿಮಣೆ ಕೊಡಿ."

"ಧಾರಾಳವಾಗಿ ತಗೊಂಡ್ಹೋಗಪ್ಪ," ಎಂದರು ಸಾಹೇಬರು, ಕುರ್ಚಿಯಿಂದ ಏಳದೆಯೇ.

ಬೆಳಿಗ್ಗೆ ಹೊಲಿಗೆಯಕ್ಕ ನೀಲಿ ಬಟ್ಟೆ ಹಾಸಿ, ಚಾಕ್ ಹಿಡಿದು ಕೂತಳು. "ನಗಾರಿಯವ್ರದ್ದು ತೆಗೀರಿ."

ಸಾಹೇಬರು ಯಂತ್ರವನ್ನು ಎಬ್ಬಿಸಿದರು. ಅದು ಶಾಂತವಾಗಿ ಗಂಟೆ ತೋರಿಸಿ, ಗುಟ್ಟಿನ ಪದ ಬರೆಯಿರಿ ಎಂದು ಒಂದು ಖಾಲಿ ಚೌಕ ಮುಂದಿಟ್ಟಿತು. ಸಾಹೇಬರು ಚೌಕ ಮುಟ್ಟಿದರು. ಅಕ್ಷರಗಳು ಮೂಡಲಿಲ್ಲ. ಒತ್ತಿದರು. ಉಜ್ಜಿದರು. ಪಂಚೆಯ ಚುಂಗಿನಿಂದ ಗಾಜು ಒರೆಸಿ ಮತ್ತೆ ಮುಟ್ಟಿದರು. ಆಮೇಲೆ ನಿನ್ನೆಯ ತೀರ್ಪು ನೆನಪಾಗಿ ಅವರ ಕಿವಿ ಬಿಸಿಯಾಯಿತು.

"ಯಾಕ್ರೀ, ಮಲಗಿದೆಯಾ?"

"ಎಚ್ಚರವಾಗೇ ಇದೆ. ಪದ ಕೇಳ್ತಿದೆ."

"ಮರೆತುಬಿಟ್ರಾ?"

"ಚೆನ್ನಾಗಿ ನೆನಪಿದೆ. ಬರೆಯೋಕೆ ಅಕ್ಷರ ಇಲ್ಲ."

"ಅಕ್ಷರ ಎಲ್ಲಿ ಹೋಯ್ತು?"

"ನಾನೇ ತೆಗೆದುಹಾಕ್ದೆ. ಜಾಗ ಸಾಲ್ದೆ."

"ಮತ್ತೆ ಹಾಕಿ."

"ಹಾಕೋಕೆ ಒಳಗೆ ಹೋಗ್ಬೇಕು. ಒಳಗೆ ಹೋಗೋಕೆ ಅಕ್ಷರ ಬೇಕು."

ಹೊಲಿಗೆಯಕ್ಕ ಚಾಕ್ ಕೆಳಗಿಟ್ಟು, ಬಗ್ಗಿ ಆ ಚೌಕವನ್ನು ನೋಡಿದಳು. "ನನ್ನ ಕಾಗದವೆಲ್ಲ ಒಳಗೇ ಇದೆ ತಾನೆ?"

"ಒಂದು ಕೂದಲೆಳೆಯೂ ಹಾಳಾಗಿಲ್ಲ."

"ಎಷ್ಟು ಭದ್ರ!" ಎಂದಳು ಮೆಲ್ಲಗೆ. ಅದರಲ್ಲಿ ಮೆಚ್ಚುಗೆಯೂ ಇತ್ತು. ಅದಕ್ಕೇ ಸಾಹೇಬರಿಗೆ ಹೆಚ್ಚು ಹೆದರಿಕೆಯಾಯಿತು.

ಭಾವಮೈದನಿಗೆ ಫೋನು ಹೋಯಿತು. ಅವನು ಮೊದಲು ನಕ್ಕ, ಆಮೇಲೆ ಕೆಮ್ಮಿದ, ಕೊನೆಗೆ "ಸೋಮವಾರ ನೋಡೋಣ ಭಾವ" ಎಂದ. ಪೇಟೆಯ ಅಂಗಡಿಗಳ ಕೀಲಿಮಣೆಗಳ ತಂತಿಯ ತುದಿ ಆ ಸಣ್ಣ ತೂತಿಗಿಂತ ದೊಡ್ಡದು. ನಡುವೆ ಸಿಕ್ಕಿಸುವ ತುಂಡು ಮುಂದಿನ ವಾರ ಬರುತ್ತದಂತೆ. ರದ್ದಿ ಅಂಗಡಿಯವನು ಕಾಗದವನ್ನೆಲ್ಲ ಹಿಂದಿನ ಸಂಜೆಯೇ ಲಾರಿಗೆ ತುಂಬಿಸಿದ್ದ.

"ಸರಿ," ಎಂದಳು ಹೊಲಿಗೆಯಕ್ಕ. "ಎಲ್ಲಾರ್ನೂ ಮತ್ತೆ ಅಳೀಬೇಕು. ಠಾಣೆಗೆ ಹೋಗಿ ಕರ್ಕೊಂಡ್ಬನ್ನಿ. ರಜೆ ಚೀಟಿ ಕಳ್ಸಿ ನಿಮ್ಮ ಆಫೀಸಿಗೆ."

ಹೀಗೆ ವಾದ್ಯತಂಡ ಇಬ್ಬಿಬ್ಬರಾಗಿ ಮೆಟ್ಟಿಲು ಹತ್ತಿತು. ಹೊಲಿಗೆಯಕ್ಕನ ಕೈಯಲ್ಲಿ ಟೇಪು ಹೊಳೆಯ ನೀರಿನಂತೆ ಓಡುತ್ತಿತ್ತು. ಭುಜದಿಂದ ಮಣಿಕಟ್ಟಿಗೆ, ಸೊಂಟದಿಂದ ಪಾದಕ್ಕೆ. ಅಂಕಿ ಹೇಳುತ್ತಲೇ ಕಾಗದ ಕತ್ತರಿಸುತ್ತಿದ್ದಳು, ಕತ್ತರಿಸುತ್ತಲೇ ಮುಂದಿನವರಿಗೆ ಕೈ ಎತ್ತಲು ಹೇಳುತ್ತಿದ್ದಳು. ಇಷ್ಟು ವರ್ಷ ಅದೇ ಕೋಣೆಯಲ್ಲಿದ್ದೂ ತಾವು ಕಾಗದದ ರಾಶಿಯನ್ನಷ್ಟೇ ನೋಡಿದ್ದು ಎಂದು ಸಾಹೇಬರಿಗೆ ಹೊಳೆಯಿತು. ಬಾಗಿಲಿಗೊರಗಿ, ಬಾಯಿ ತೆರೆದು ನೋಡುತ್ತ ನಿಂತರು.

ನಗಾರಿಯವರು ಬಂದರು. ಬಾಗಿಲಲ್ಲಿ ಓರೆಯಾಗಿ ತೂರಿಕೊಂಡು, ಸುತ್ತ ನೋಡಿ, ಕಿಟಕಿಯ ಬಳಿಯ ಕುರ್ಚಿಯಲ್ಲಿ ಮೆಲ್ಲನೆ ಇಳಿದರು. ಕುರ್ಚಿ ನಿಟ್ಟುಸಿರಿಟ್ಟಿತು. ಅವರೂ ಇಟ್ಟರು.

"ಅಕ್ಕಾ, ಇಂಥ ಕುರ್ಚಿ ಹಾಕ್ಸಿದ್ದೀರಿ, ಹೇಳೇ ಇಲ್ವಲ್ಲ! ಇನ್ಮೇಲೆ ಗುಂಡಿ ಕಿತ್ತುಹೋದ್ರೂ ನಾವು ಇಲ್ಲಿಗೇ."

"ಗಿರಾಕಿಗಳಿಗೇ ಅಂತ ಹಾಕ್ಸಿದ್ದು," ಎಂದಳು ಹೊಲಿಗೆಯಕ್ಕ, ಕಣ್ಣೆತ್ತದೆ. "ಆರಾಮಾಗಿ ಕೂತ್ಕೊಳ್ಳಿ. ಈ ಕಾಗದ ಸ್ವಲ್ಪ ತೊಡೆ ಮೇಲಿಟ್ಕೊಂಡಿರಿ. ರೀ, ತುತ್ತೂರಿಯವ್ರು ಇನ್ನೂ ಬಂದಿಲ್ಲ, ಬೇಗ ಹೋಗಿ."

ಸಾಹೇಬರು ಏನೋ ಹೇಳಲು ಹೊರಟರು. ಆದರೆ ನಗಾರಿಯವರ ಮುಖದಲ್ಲಿ ಆ ಸುಖ ಹರಡುತ್ತಿದ್ದುದನ್ನು ಕಂಡಾಗ ಹೇಳಬೇಕಾದದ್ದು ಬಾಯಲ್ಲೇ ಬೇರೆಯಾಯಿತು.

"ಹಾಗಲ್ಲ ಸಾರ್, ಹಿಂದಿರೋ ಕೋಲನ್ನ ಒಂದು ಕಚ್ಚು ಕೆಳಗಿಳಿಸ್ಕೊಳ್ಳಿ," ಎಂದರು, ಚಪ್ಪಲಿ ಮೆಟ್ಟುತ್ತ, ಒಂದೊಂದೇ ಮೆಟ್ಟಿಲಿಳಿಯುತ್ತ. "ಆಗ ಬೆನ್ನು ಪೂರ್ತಿ ಒರಗುತ್ತೆ, ಕಾಲು ಚಾಚ್ಬಹುದು, ಬೆಳಗಿನ ಬಿಸಿಲು ನೇರವಾಗಿ ಮೊಣಕಾಲ ಮೇಲೇ ಬಂದು, ಆಹಾ, ಅಲ್ಲಿ ಕೂತ್ಕೊಂಡು ಎದುರುಗಡೆ ನೋಡ್ತಾ ಇದ್ರೆ ಮನುಷ್ಯನಿಗೆ ಇನ್ನೇನು ಬೇಕು..."