ಮಗಳ ರೇಸ್ ಬೈಕಿಗೆ ನಾನು ಮಾಡಿಸಿದ ರೇಡಿಯೇಟರ್

ಯಂತ್ರಗಳ ವಿಷಯ ನನಗೆ ಏನೇನೂ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದಕ್ಕೆ ನನಗೆ ನಾಚಿಕೆಯಿಲ್ಲ. ನಾಚಿಕೆಯಾಗುವುದು, ಗೊತ್ತಿಲ್ಲದಿದ್ದರೂ ತಲೆಯಾಡಿಸುವ ನನ್ನ ಚಾಳಿಗೆ. ಸ್ಕೂಟರು ನಡುರಸ್ತೆಯಲ್ಲಿ ನಿಂತು, ಬೆವರು ಸುರಿಸುತ್ತ ತಳ್ಳಿಕೊಂಡು ಹೋದಾಗ ಮೆಕ್ಯಾನಿಕ್ "ಪ್ಲಗ್ ಹೋಗಿದೆ ಸಾರ್" ಎಂದರೆ, "ನಾನೂ ಹಾಗೇ ಅಂದ್ಕೊಂಡೆ" ಎನ್ನುತ್ತೇನೆ. ಐದು ನಿಮಿಷ ಬಿಟ್ಟು ಅವನೇ "ಪ್ಲಗ್ ಅಲ್ಲ ಸಾರ್, ಪೆಟ್ರೋಲೇ ಇಲ್ಲ" ಎಂದರೆ ಅದಕ್ಕೂ ಅದೇ ಉತ್ತರ. ಇಪ್ಪತ್ತೊಂಬತ್ತು ವರ್ಷ ಬ್ಯಾಂಕಿನಲ್ಲಿ ಮೇಲಿನವರು ಹೇಳಿದ್ದಕ್ಕೆಲ್ಲ ಹೂಂಗುಟ್ಟಿ, ಬುದ್ಧಿ ಒಪ್ಪುವ ಮೊದಲೇ ಕತ್ತು ಒಪ್ಪಿಬಿಡುತ್ತದೆ. ಇಂಥ ನನ್ನ ಕೈಗೆ ಒಂದು ರೇಸ್ ಬೈಕಿನ ಗತಿ ಬಂದು ಬಿದ್ದದ್ದು ಹೇಗೆ ಎನ್ನುವುದನ್ನು ನಿಮ್ಮ ಹತ್ತಿರ ಹೇಳಿಕೊಳ್ಳದೆ ನನಗೆ ಸಮಾಧಾನವಿಲ್ಲ.

ನಾನು ತುಮಕೂರಿನವನು. ವರ್ಗದ ಮೇಲೆ ವರ್ಗವಾಗಿ ಆಂಧ್ರದೊಳಗೇ ಊರೂರು ಸುತ್ತಿ ಈಗ ವಿಜಯವಾಡದಲ್ಲಿದ್ದೇನೆ. ಒಬ್ಬಳೇ ಮಗಳು ಸಿರಿ ವಿಶಾಖಪಟ್ಟಣದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಾಳೆ. ಬೆಳೆದದ್ದೆಲ್ಲ ಇಲ್ಲೇ ಆದ್ದರಿಂದ ಅವಳ ಕನ್ನಡ ಊಟ, ತಿಂಡಿ, ಅಜ್ಜಿಯ ಮಂಡಿನೋವು ಇಷ್ಟಕ್ಕೆ ಸಾಕಾಗುತ್ತದೆ. ಮಿಕ್ಕದ್ದಕ್ಕೆಲ್ಲ, ಅದರಲ್ಲೂ ಸಿಟ್ಟಿಗೆ, ತೆಲುಗು. ಹೋದ ಬೇಸಿಗೆಯಲ್ಲಿ ಒಂದು ದಿನ ಅವಳು ಫೋನು ಮಾಡಿ ಕನ್ನಡದಲ್ಲೇ ಮಾತು ಶುರುಮಾಡಿದಾಗ, ಏನೋ ಕೆಲಸ ಆಗಬೇಕಾಗಿದೆ ಎಂದು ನನಗೆ ಅರ್ಥವಾಯಿತು. ಅವಳ ಕಾಲೇಜಿನ ಹುಡುಗರು ಸೇರಿ ಒಂದು ಹಳೆಯ ಬೈಕನ್ನು ಸ್ಪರ್ಧೆಗಾಗಿ ರೇಸ್ ಬೈಕ್ ಮಾಡುತ್ತಿದ್ದರು. ಎಂಜಿನ್ನಿಗೆ ಎಷ್ಟು ಗಾಳಿ ಕುಡಿಸುತ್ತೀರೋ ಅದು ಅಷ್ಟು ಓಡುತ್ತದಂತೆ. ಅದಕ್ಕೆ ಸಿರಿ, ಬೈಕಿನ ಮೂತಿಯಿಂದ ನೇರವಾಗಿ ಒಳಗೆ ಗಾಳಿ ನುಗ್ಗಿಸುವ ಅಗಲವಾದ ಕೊಳವೆಯೊಂದನ್ನು ತಾನೇ ಲೆಕ್ಕ ಹಾಕಿ, ತಾನೇ ಅಚ್ಚು ಮಾಡಿ ತಯಾರಿಸಿದ್ದಳು. ಬಂದ ತೊಡಕು ಒಂದೇ. ಆ ಕೊಳವೆ ಎಲ್ಲಿ ಹಾಯಬೇಕೋ ಸರಿಯಾಗಿ ಅಲ್ಲೇ ಎಂಜಿನ್ ತಣ್ಣಗಿಡುವ ರೇಡಿಯೇಟರ್ ಕೂತಿತ್ತು.

"ಅದನ್ನ ಎರಡು ಮಾಡ್ಬೇಕು ಅಪ್ಪಾ. ಎಡಗಡೆ ಒಂದು ಚಿಕ್ಕದು, ಬಲಗಡೆ ಒಂದು ಚಿಕ್ಕದು. ಮಧ್ಯ ನನ್ನ ಕೊಳವೆ ಹೋಗತ್ತೆ. ವೈಜಾಗ್‌ನಲ್ಲಿ ಕೇಳಿದೆ, ಇಲ್ಲಿ ಎಲ್ಲಾ ಹಡಗಿನ ಕೆಲಸ ಮಾಡೋರು, ಇಷ್ಟು ಚಿಕ್ಕದು ಮಾಡಲ್ಲ ಅಂತಾರೆ. ನಿಮ್ಮ ಆಟೋನಗರದಲ್ಲಿ ಮಾಡಿಸಿ, ಪ್ಲೀಸ್ ನಾನ್ನಾ." ಕೊನೆಗೆ ಅಪ್ಪ ತೆಲುಗಿನ ನಾನ್ನಾ ಆಗಿಬಿಟ್ಟಿದ್ದ. ಮುಂದಿನ ಭಾನುವಾರ ಬೈಕ್ ಓಡಿಸಿ ನೋಡುವ ಪರೀಕ್ಷೆ. ಅವರ ತಂಡದ ಕ್ಯಾಪ್ಟನ್ ಸಾಯಿತೇಜ ಎಂಬ ಹುಡುಗ ಕಡ್ಡಿ ಮುರಿದ ಹಾಗೆ ಹೇಳಿದ್ದನಂತೆ: ಹತ್ತು ಸುತ್ತು ಓಡಿಸುವುದರೊಳಗೆ ನೀರಿನ ಬಿಸಿ ನೂರೈದು ಡಿಗ್ರಿ ದಾಟಿದರೆ ಸಿರಿಯ ಕೊಳವೆ ಕಿತ್ತು ಹಳೆಯ ರೇಡಿಯೇಟರನ್ನೇ ಕೂರಿಸುವುದು, ಆಮೇಲೆ ಚರ್ಚೆಯಿಲ್ಲ. "ಒಂದು ವರ್ಷದ ಕೆಲಸ ಅಪ್ಪಾ" ಎಂದಳು. ಧ್ವನಿ ಸಣ್ಣದಾಗಿತ್ತು. ನಾನು ಕೂಡಲೇ "ನಾನೂ ಹಾಗೇ ಅಂದ್ಕೊಂಡೆ, ಎರಡು ಮಾಡೋದೇ ಸರಿ" ಎಂದುಬಿಟ್ಟೆ. ಆದರೆ ಫೋನಿಟ್ಟ ಮೇಲೆ, ಏನೇ ಆಗಲಿ ಇದನ್ನು ಮಾಡಿಸಿಯೇ ಕೊಡುತ್ತೇನೆ ಎಂದು ಹಟ ಹುಟ್ಟಿತು. ಅವಳ ಶಾಲೆಯ ದಿನಗಳಲ್ಲಿ ನಾನು ಮಾಡಿದ್ದೆಲ್ಲ ಪ್ರೋಗ್ರೆಸ್ ಕಾರ್ಡಿಗೆ ಸಹಿ ಹಾಕಿದ್ದಷ್ಟೆ.

ವಿಜಯವಾಡದ ಆಟೋನಗರದಲ್ಲಿ ಸಿಕ್ಕದ ನಟ್ಟಿಲ್ಲ, ಆಗದ ರಿಪೇರಿಯಿಲ್ಲ. ಅಲ್ಲಿ ಕೋಟಯ್ಯ ಎಂಬ ಅರವತ್ತರ ಹಿರಿಯ ಲಾರಿ, ಟ್ರ್ಯಾಕ್ಟರುಗಳಿಗೆ ರೇಡಿಯೇಟರ್ ಕಟ್ಟುವವನು. ಸಿರಿ ಕಳಿಸಿದ ಬಣ್ಣಬಣ್ಣದ ನಕ್ಷೆಯನ್ನು ಫೋನಿನಲ್ಲಿ ತೋರಿಸಿದೆ. ಅವನು ಕನ್ನಡಕ ಏರಿಸಿ ನೋಡಿ, "ಇದಂತಾ ನಾಕು ತೆಲೀದು ಮ್ಯಾನೇಜರ್ ಗಾರೂ, ಅಟ್ಟ ತೇಂಡಿ" ಎಂದ. ನಕ್ಷೆ ಬೇಡ, ರಟ್ಟು ಕತ್ತರಿಸಿ ತನ್ನಿ ಎಂದರ್ಥ. ಅಳತೆಯೆಂದರೆ ಅವನಿಗೆ ಕೈಯಲ್ಲಿ ಹಿಡಿದು ತಿರುಗಿಸುವಂಥದ್ದು. ಸರಿ, ಮನೆಗೆ ಬಂದು ಮಿಕ್ಸಿಯ ಪೆಟ್ಟಿಗೆ ಹರಿದು, ಮಗಳು ಹೇಳಿದ ಮಿಲಿಮೀಟರು ಹಿಡಿದು ಕೊಳವೆಯ ಆಕಾರ ಕತ್ತರಿಸಿದೆ. ಮೊದಲನೆಯದು ಸೊಟ್ಟ, ಎರಡನೆಯದು ಗಿಡ್ಡ. ಮೂರನೆಯದನ್ನು ಹಿಡಿದು ಹೋದಾಗ ಕೋಟಯ್ಯ ಅದನ್ನು ಗಾಳಿಯಲ್ಲಿ ಎತ್ತಿ ಹಿಡಿದು, "ಇಪ್ಪುಡು ಕರೆಕ್ಟು" ಎಂದ. ಈಗ ಸರಿಯಾಯಿತಂತೆ. ನಲವತ್ತು ಸಾಲಗಳ ಕಡತ ಒಂದೇ ದಿನ ಪಾಸಾದಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಅಲ್ಲಿಂದ ಮೂರು ದಿನ ಬೆಳಗ್ಗೆ ಬ್ಯಾಂಕಿಗೆ ಮೊದಲು ಆಟೋನಗರಕ್ಕೆ ಹಾಜರಿ. ಕೋಟಯ್ಯ ಹಳೆಯ ಅಲ್ಯೂಮಿನಿಯಂ ಜಾಲರಿ ಕೊಯ್ದು, ಎರಡು ಪುಟ್ಟ ರೇಡಿಯೇಟರ್ ಬೆಸೆದ. ಸೋರುತ್ತದೋ ಇಲ್ಲವೋ ನೋಡಲು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಒಳಗೆ ಗಾಳಿ ಬಿಡುವುದು. ಗುಳ್ಳೆ ಬಂದರೆ ಮತ್ತೆ ಬೆಸುಗೆ. ಗುಳ್ಳೆ ನೋಡುವ ಕೆಲಸ ನನಗೆ ಬಿತ್ತು. ಇಸ್ತ್ರಿ ಮಾಡಿದ ಪ್ಯಾಂಟು ಮಡಿಚಿಕೊಂಡು ಕುಕ್ಕರುಗಾಲಲ್ಲಿ ಕೂತು "ಅಲ್ಲೊಂದು! ಇಲ್ಲೊಂದು!" ಎಂದು ಕೂಗುತ್ತಿದ್ದೆ. ಎರಡು ಸಲ ಬಂತು, ಮೂರನೇ ಸಲ ನೀರು ಕದಲಲಿಲ್ಲ. ನಿಜ ಹೇಳುತ್ತೇನೆ, ನನ್ನ ಕಣ್ಣು ತುಂಬಿತು. ಕೋಟಯ್ಯ ಬೆನ್ನು ತಟ್ಟಿ, "ಜಾಲರಿಯ ಈ ತೆಳು ತಗಡಿನ ಎಲೆಗಳ ಮಧ್ಯೆ ಗಾಳಿ ಆಡಬೇಕು ಸಾರೂ, ಒಂದು ಇರುವೆ ಕೂಡ ಅಡ್ಡ ಇರಬಾರದು" ಎಂದು ತನ್ನ ತೆಲುಗಿನಲ್ಲಿ ಎಚ್ಚರಿಸಿದ. ನಾನು ಯಥಾಪ್ರಕಾರ ತಲೆಯಾಡಿಸಿದೆ.

ಮನೆಯಲ್ಲಿ ನನ್ನ ಹೆಂಡತಿ ವಿಮಲೆ ಎರಡನ್ನೂ ಟೀಪಾಯಿ ಮೇಲಿಟ್ಟು ನೋಡಿದಳು. "ಪೂಜೆ ಮಾಡಿಸ್ಲಿಲ್ವಾ?" ಎಂದಳು. ವಿಜಯವಾಡದಲ್ಲಿ ಹೊಸ ಗಾಡಿ ಕೊಂಡವರು ಇಂದ್ರಕೀಲಾದ್ರಿ ಬೆಟ್ಟದ ಅಮ್ಮನವರಿಗೆ ತೋರಿಸದೆ ಮನೆಗೆ ತರುವುದಿಲ್ಲ. "ಗಾಡಿಯೇ ಇಲ್ವಲ್ಲೇ, ಬರೀ ಬಿಡಿಭಾಗ" ಎಂದೆ. "ಮಗು ಅದರ ಮೇಲೆ ಕೂತು ಓಡಿಸ್ತಾಳೆ ಕಣ್ರೀ" ಎಂದಳು. ಶನಿವಾರ ಬೆಳಗ್ಗೆ ಎರಡನ್ನೂ ಚೀಲದಲ್ಲಿಟ್ಟುಕೊಂಡು ಬೆಟ್ಟಕ್ಕೆ ಹೋದೆ. ಅರ್ಚಕರು, "ಗಾಡಿ ಎಲ್ಲಿ?" ಎಂದು ಕೇಳಿ, ಚೀಲದಿಂದ ಹೊರಬಂದದ್ದನ್ನು ಕಂಡು ಸ್ವಲ್ಪವೂ ವಿಚಲಿತರಾಗದೆ, ಒಂದರ ಅಂಚಿಗೆ ಚೊಕ್ಕವಾಗಿ ಒಂದು ಕುಂಕುಮದ ಬೊಟ್ಟಿಟ್ಟು ಕಳಿಸಿದರು. ಅಲ್ಲಿಗೆ ನಿಲ್ಲಿಸಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಮನೆಗೆ ಬಂದ ಮೇಲೆ, ಎಡದ್ದಕ್ಕೆ ಆಯಿತು, ಬಲದ್ದು ಏನು ಪಾಪ ಮಾಡಿತ್ತು ಎನ್ನಿಸಿತು. ನಾನೇ ಅರಿಸಿನ ಕಲಸಿದೆ. ಗಟ್ಟಿಯಾಗಿ ಕೂರಲಿ ಎಂದು ಒಂದು ಚಮಚ ತುಪ್ಪ ಬೆರೆಸಿದೆ. ಅಂಚಿನಲ್ಲಿ ಜಾಗ ಸಾಲದೆ ಎರಡರ ನಟ್ಟನಡುವಿನ ಜಾಲರಿಗೇ ಧಾರಾಳವಾಗಿ ಸ್ವಸ್ತಿಕ ಬರೆದು ಕೈಮುಗಿದೆ. ರೈಲು ಹತ್ತುವ ಹೊತ್ತಿಗೆ, ಮಗಳು ನೋಡಿದರೆ ನಗುತ್ತಾಳೆ ಎಂಬ ಭಯ ಹುಟ್ಟಿತು. ಒದ್ದೆ ಬಟ್ಟೆಯಿಂದ ಒತ್ತಿ ಒತ್ತಿ ಒರೆಸಿದೆ. ಮೇಲೆ ಪಳಪಳ ಅನ್ನುವಂತಾಯಿತು.

ಭಾನುವಾರ ಬೆಳಗ್ಗೆ ವಿಶಾಖಪಟ್ಟಣದ ಅವರ ಕಾಲೇಜಿನ ಹಿಂದಿನ ಸಿಮೆಂಟ್ ರಸ್ತೆ. ಸಮುದ್ರದ ಗಾಳಿ ತಂಪಾಗಿತ್ತು. ಕೋಟಯ್ಯನ ಕೆಲಸ ಕೂದಲೆಳೆಯಷ್ಟೂ ತಪ್ಪದೆ ಎರಡು ಪಕ್ಕ ಕೂತಿತು, ನಡುವೆ ಸಿರಿಯ ಕೊಳವೆ ಸಲೀಸಾಗಿ ಹಾಯಿತು. "ಸೂಪರ್ ನಾನ್ನಾ!" ಎಂದು ಅವಳು ಎಲ್ಲರೆದುರಿಗೆ ನನ್ನನ್ನು ತಬ್ಬಿಕೊಂಡಳು. ಹೆಲ್ಮೆಟ್ ಹಾಕಿ ಹೊರಟಳು. ಮೂರನೇ ಸುತ್ತಿಗೆ ತೊಂಬತ್ತೆಂಟು ಡಿಗ್ರಿ. ನಾಲ್ಕನೆಯದಕ್ಕೆ ನೂರೆರಡು. ಆರನೆಯದಕ್ಕೆ ನೂರೆಂಟು. ಸಾಯಿತೇಜ ಕೈ ಎತ್ತಿ ನಿಲ್ಲಿಸಿದ. ಪಂಪು ನೋಡಿದರು, ಸರಿಯಿತ್ತು. ನೀರಿನಲ್ಲಿ ಗಾಳಿ ಸಿಕ್ಕಿಕೊಂಡಿದೆಯೇ ನೋಡಿದರು, ಇಲ್ಲ. ಮತ್ತೆ ಓಡಿಸಿದರೆ ಮತ್ತೆ ಅದೇ ಕಥೆ. "ಕೊಳವೆ ದಾರಿ ತಪ್ಪಿಸ್ತಿದೆ ಸಿರೀ, ಗಾಳಿ ರೇಡಿಯೇಟರ್‌ಗೆ ಸಿಗ್ತಿಲ್ಲ. ತೆಗೆದುಬಿಡೋಣ" ಎಂದು ಸಾಯಿತೇಜ ತೆಲುಗಿನಲ್ಲಿ ಮೆತ್ತಗೆ ಹೇಳಿದ. ಅವಳು ವಾದ ಮಾಡಲಿಲ್ಲ. "ನನ್ನ ಲೆಕ್ಕವೇ ತಪ್ಪು ಇರ್ಬೇಕು" ಎಂದು ಸ್ಪ್ಯಾನರ್ ತೆಗೆದುಕೊಂಡು ಕೂತಳು. ಆ ಮುಖ ನನ್ನಿಂದ ನೋಡಲಾಗಲಿಲ್ಲ.

ಅಷ್ಟರಲ್ಲಿ ತಂಡದ ಹುಡುಗನೊಬ್ಬ ಮೂಗೆತ್ತಿ, "ಎವರ್ರಾ ಉಪ್ಮಾ ಚೇಸ್ತುನ್ನಾರು?" ಎಂದ, ಯಾರೋ ಉಪ್ಪಿಟ್ಟು ಮಾಡುತ್ತಿದ್ದಾರೆ ಎಂದು. ಎಲ್ಲರೂ ಮೂಸಿದರು. ನಿಜ, ಘಮ್ಮೆಂದು ತುಪ್ಪದ ಒಗ್ಗರಣೆ. ಕಾಲೇಜಿನ ಕ್ಯಾಂಟೀನು ಭಾನುವಾರ ಮುಚ್ಚಿರುತ್ತದೆ. ವಾಸನೆ ಬರುತ್ತಿದ್ದದ್ದು ಬೈಕಿನಿಂದ. ನನ್ನ ಅರಿಸಿನ, ತುಪ್ಪ ಒರೆಸಿದರೂ ಹೋಗಿರಲಿಲ್ಲ, ನಾನು ಒತ್ತಿದ ರಭಸಕ್ಕೆ ಅಷ್ಟೂ ಎಲೆಗಳ ಸಂದಿಗೆ ಇಳಿದು ಅಲ್ಲೇ ಬೆಂದು ಗಟ್ಟಿಯಾಗಿತ್ತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅವಳು ಒಂದು ಬೋಲ್ಟ್ ಬಿಚ್ಚಿ ಆಗಿತ್ತು, ಎರಡನೆಯದಕ್ಕೆ ಕೈ ಹಾಕಿದ್ದಳು. ಇದ್ದ ಮರ್ಯಾದೆಯನ್ನೆಲ್ಲ ಗಂಟು ಕಟ್ಟಿ ಆಚೆ ಎಸೆದು, "ಸಿರೀ, ನಿಲ್ಸು! ನಿನ್ನ ಲೆಕ್ಕ ಸರಿ ಇದೆ ಕಣಮ್ಮಾ. ಅದು ಉಪ್ಪಿಟ್ಟಲ್ಲ. ನಾನು" ಎಂದೆ.

ಅವಳು ಟಾರ್ಚ್ ಬಿಟ್ಟು ನೋಡಿದಳು. ಜಾಲರಿಯ ಆಳದಲ್ಲಿ ಎರಡು ಹಳದಿ ಸ್ವಸ್ತಿಕಗಳು ಸುಖವಾಗಿ ಕೂತಿದ್ದವು. ಆಮೇಲೆ ಐದು ನಿಮಿಷ ನಿರರ್ಗಳ ತೆಲುಗು. ಎಲ್ಲವೂ ಅರ್ಥವಾಯಿತು, ಬರೆಯುವುದಿಲ್ಲ. ಬೈಗುಳ ಮುಗಿದ ಮೇಲೆ ನೆಲದ ಮೇಲೆ ಕೂತು ಕಣ್ಣೀರು ಬರುವಷ್ಟು ನಕ್ಕಳು. "ನನ್ನ ಲೆಕ್ಕ ಸರಿ! ಸಾಯೀ, ಕೇಳಿಸ್ತಾ? ನನ್ನ ಲೆಕ್ಕ ಸರಿ!" ಎಂದು ಕೂಗಿದಳು. ಶುಚಿ ಮಾಡುವ ಕೆಲಸ ನಾನು ಯಾರಿಗೂ ಬಿಡಲಿಲ್ಲ. ಎಲೆಗಳು ಬಾಗಬಾರದು, ನೀರು ಜೋರಾಗಿ ಬಿಡಬಾರದು. ಚೀಲದಲ್ಲಿದ್ದ ನನ್ನ ಹಲ್ಲುಜ್ಜುವ ಬ್ರಷ್ ತೆಗೆದು, ಸೋಪಿನ ಬಿಸಿನೀರಿನಲ್ಲಿ ಅದ್ದಿ, ಸಂದಿ ಸಂದಿ ಉಜ್ಜಿದೆ. ಎರಡೂವರೆ ಗಂಟೆ. ಬೆನ್ನು ಮುರಿದು ಹೋಯಿತು. "ಸಾಕು ಅಂಕುಲ್, ನಾವ್ ಮಾಡ್ತೀವಿ" ಎಂದರೂ ಏಳಲಿಲ್ಲ. ಮತ್ತೆ ಓಡಿಸಿದಳು. ಎಂಟನೇ ಸುತ್ತು, ತೊಂಬತ್ತಾರು. ಹತ್ತನೇ ಸುತ್ತು, ತೊಂಬತ್ತೇಳು. ಅಲ್ಲಿಂದ ಮುಳ್ಳು ಅಲ್ಲಾಡಲಿಲ್ಲ. ಸಾಯಿತೇಜ ಅವಳ ಕೈ ಕುಲುಕಿ, ಕೊಳವೆ ಇರಲಿ ಎಂದ.

ಎಲ್ಲ ಮುಗಿದು ಚಹಾ ಕುಡಿಯುವಾಗ ಸಿರಿ ಒಂದು ಹಾಳೆ ತಂದಳು. ಆದ ಪ್ರತಿ ದೋಷವನ್ನೂ ಬರೆದು ಸ್ಪರ್ಧೆಯ ತೀರ್ಪುಗಾರರಿಗೆ ಕೊಡಬೇಕಂತೆ. ದೋಷ: ಗಾಳಿ ಕಟ್ಟಿದ್ದು. ಪರಿಹಾರ: ಟೂತ್‌ಬ್ರಷ್. ಕಾರಣ ಎಂಬಲ್ಲಿ ನನ್ನ ಪೂರ್ತಿ ಹೆಸರು. "ಹೆಸರು ಯಾಕಮ್ಮಾ, 'ಅನ್ಯವಸ್ತು' ಅಂತ ಬರಿ, ಆಡಿಟ್‌ನಲ್ಲಿ ನಾವು ಹಾಗೇ ಬರೆಯೋದು" ಎಂದು ಗೋಗರೆದೆ. "ಇಲ್ಲಿ ನಿಜ ಬರೀಬೇಕು" ಎಂದಳು. ಅಷ್ಟರಲ್ಲಿ ಸಾಯಿತೇಜ ತಕರಾರು ತೆಗೆದ. ಹೊರಗಿನವರು ಗಾಡಿ ಮುಟ್ಟಿದರು ಎಂದಾದರೆ ತೀರ್ಪುಗಾರರು ಸಾವಿರ ಪ್ರಶ್ನೆ ಕೇಳುತ್ತಾರಂತೆ; ಹೆಸರಿನ ಮುಂದೆ ಹುದ್ದೆ ಬೇಕಂತೆ. "ಸೀನಿಯರ್ ಮ್ಯಾನೇಜರ್" ಎಂದು ನಾನು ಶುರುಮಾಡಿದೆ. "ಅದಲ್ಲ ನಾನ್ನಾ, ಗಾಡಿ ಕೆಲಸದಲ್ಲಿ" ಎಂದು ಪೆನ್ನಿನ ತುದಿ ಕಚ್ಚಿ ಒಂದು ಕ್ಷಣ ಯೋಚಿಸಿ, ಸಾಯಿತೇಜನ ಒಪ್ಪಿಗೆ ಪಡೆದು ಬರೆದಳು: ತಂಡದ ಸದಸ್ಯ, ರೇಡಿಯೇಟರ್ ವಿಭಾಗ.

ಇಪ್ಪತ್ತೊಂಬತ್ತು ವರ್ಷದಲ್ಲಿ ನನಗೆ ಬಂದ ಬಡ್ತಿಗಳೆಲ್ಲ ಯಾವ ತಪ್ಪನ್ನೂ ಮಾಡದೇ ಇದ್ದದ್ದಕ್ಕೆ ಬಂದವು. ಆ ಆದೇಶಪತ್ರಗಳು ಈಗ ಎಲ್ಲಿವೆಯೋ ಗೊತ್ತಿಲ್ಲ. ಈ ಹಾಳೆಯ ಫೋಟೋ ಮಾತ್ರ ತೆಗೆದಿಟ್ಟುಕೊಂಡಿದ್ದೇನೆ. ಸೋಮವಾರ ಬ್ಯಾಂಕಿನಲ್ಲಿ, ತಪ್ಪು ಯಾರದೆಂದು ಚೆನ್ನಾಗಿ ಕಾಣುವಂತೆ ದೊಡ್ಡದು ಮಾಡಿ, ಕೇಳಿದವರಿಗೂ ಕೇಳದವರಿಗೂ ತೋರಿಸಿದೆ.