ವಂಶದ ಬಸ್ಸು

ಹನುಮಂತಯ್ಯ: ಮಾತ್ರೆ ನುಂಗಿ ಏನ್ ಬಂತು? ಈ ಸಕ್ಕರೆ ಕಾಯಿಲೆ ವಂಶದಿಂದ ಬಂದಿದ್ದು ಕಣೇ. ಪೇಪರ್‌ನಲ್ಲೇ ಹಾಕವ್ರೆ.

ಬಾಣಾವರದ ಹನುಮಂತಯ್ಯ ಎಡಗೈಯಲ್ಲಿ ಪೇಪರಿನ ಪುರವಣಿ, ಬಲಗೈಯಲ್ಲಿ ಪಕ್ಕದ ಮನೆ ಲಕ್ಕಮ್ಮ ಕಳಿಸಿದ ಹೋಳಿಗೆಗಳಲ್ಲಿ ಮೂರನೆಯದನ್ನು ಹಿಡಿದು ಕೂತಿದ್ದ. ಅವನ ಕಾಲಿನ ಹೆಬ್ಬೆರಳಲ್ಲಿ ಹದಿನೈದು ದಿನದಿಂದ ಮಾಯದ ಹುಣ್ಣು. ಹೆಂಡತಿ ಬೋರಮ್ಮನ ಕಣ್ಣು ಅಲ್ಲೇ ನೆಟ್ಟಿತ್ತು. ಇದೇ ಸಕ್ಕರೆ ಕಾಯಿಲೆಗೆ ಮಾವನ ಕಾಲು ತೆಗೆದ ಮೇಲೆ ಮೂರು ವರ್ಷ ಅವರನ್ನು ಎತ್ತಿ ಕೂರಿಸಿದವಳು ಅವಳು. ಈ ಪುರವಣಿ ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಬೋರಮ್ಮ: ಅದೇನ್ ಹಾಕವ್ರೆ, ಸರ್ಯಾಗ್ ಓದ್ರಿ.

ಹನುಮಂತಯ್ಯ: ವಂಶವಾಹಿ ಅಂತ.

ಬೋರಮ್ಮ: ಯಾವ ವಾಹನ?

ಹನುಮಂತಯ್ಯ: ವಾಹನ ಅಲ್ಲ ಕಣೇ. ಸರಿ, ಬಸ್ಸು ಅಂತ್ಲೇ ಇಟ್ಕೋ. ತಾತ ಹತ್ತಿದ, ಅಪ್ಪ ಹತ್ತಿದ, ಈಗ ನಾನ್ ಕೂತಿದೀನಿ.

ಬೋರಮ್ಮ: ಬಸ್ಸಾದ್ರೆ ಇಳೀರಿ.

ಹನುಮಂತಯ್ಯ: ಇದಕ್ಕೆ ಸ್ಟಾಪಿಲ್ಲ.

ಬೋರಮ್ಮ: ಕೆಳಗೆ ಇನ್ನೂ ಏನೋ ಐತಲ್ಲ?

ಹನುಮಂತಯ್ಯ: “ಊಟ ಹಿಡಿತದಲ್ಲಿಟ್ಟು ದಿನಾ ನಡೆದರೆ...” ಅದು ಸಣ್ಣಕ್ಷರ ಬಿಡು. ಮುಖ್ಯವಾದ್ದನ್ನ ಯಾರಾದ್ರೂ ಸಣ್ಣಕ್ಷರದಲ್ಲಿ ಹಾಕ್ತಾರಾ?

ಬೋರಮ್ಮ ಸೆರಗಿಗೆ ಕೈ ಒರೆಸಿಕೊಂಡು ಎದುರಿಗೇ ಕೂತಳು.

ಬೋರಮ್ಮ: ರೀ, ನಿಮ್ಮನ್ನ ಹೆತ್ತೋರು ಎಲ್ಲವ್ರೆ?

ಹನುಮಂತಯ್ಯ: ಬಿಕ್ಕೋಡಲ್ಲಿ. ಯಾಕೆ?

ಬೋರಮ್ಮ: ಈ ಮನೆಗೆ ದತ್ತು ಬಂದಾಗ ನಿಮ್ಗೆ ಎಷ್ಟ್ ವಯಸ್ಸು?

ಹನುಮಂತಯ್ಯ: ಆರು.

ಬೋರಮ್ಮ: ಮತ್ತೆ ಮಾವನೋರ ರಕ್ತ ನಿಮ್ಗೆಲ್ಲಿಂದ ಬಂತು? ಅವ್ರಿಂದ ಬಂದಿದ್ದು ಈ ಹೋಳಿಗೆ ಚಪಲ ಒಂದೇ. ನಿಮ್ಮನ್ನ ಹೆತ್ತಪ್ಪ ಎಂಬತ್ತೆರಡಾದ್ರೂ ಎಸ್ಟೇಟ್ ದಿಣ್ಣೆ ಹತ್ತಿ ಇಳೀತಾರೆ.

ಹನುಮಂತಯ್ಯ ಪುರವಣಿ ಕೆಳಗಿಟ್ಟ. ಗೆದ್ದೆ ಅಂದುಕೊಂಡಳು ಬೋರಮ್ಮ. ಅಷ್ಟರಲ್ಲಿ ಅವನ ಮುಖ ಅರಳತೊಡಗಿತು.

ಹನುಮಂತಯ್ಯ: ಹೌದಲ್ಲೇ. ಅಂದ್ಮೇಲೆ ನಂಗೆ ಸಕ್ಕರೆ ಕಾಯಿಲೆ ಬರಕ್ಕೇ ಸಾಧ್ಯ ಇಲ್ಲ. ಆ ಡಾಕ್ಟ್ರಿಗೆ ತಲೆ ಕೆಟ್ಟೈತೆ. ಇನ್ನೆರಡು ಹಾಕು, ತುಪ್ಪ ಜಾಸ್ತಿ ಇರ್ಲಿ.

ಬೋರಮ್ಮ ತಟ್ಟೆ ಎತ್ತಿಕೊಂಡಳು, ಅವನ ಕೈಲಿದ್ದುದನ್ನೂ ಕಿತ್ತುಕೊಂಡಳು. ಆ ಜಾಗದಲ್ಲಿ ಮಾತ್ರೆ ಮತ್ತು ನೀರಿನ ಲೋಟ ಇಟ್ಟಳು.

ಬೋರಮ್ಮ: ನುಂಗಿ, ಚಪ್ಪಲಿ ಮೆಟ್ಕಳಿ. ಅರಸೀಕೆರೆ ಬಸ್ಸು ಬತ್ತೈತೆ, ಕಾಲು ತೋರಿಸ್ಕಂಡ್ ಬರಾನ. ಅದಕ್ಕೆ ಸ್ಟಾಪೈತೆ.

ಹನುಮಂತಯ್ಯ: ಹೋಳಿಗೆ ಯಾರಿಗೇ?

ಬೋರಮ್ಮ: ಕೊಟ್ಟಿಗೇಲಿರೋ ಹಸೂಗೆ. ಅದರ ವಂಶದಲ್ಲಿ ಇನ್ನೂ ಯಾರೂ ಪೇಪರ್ ಓದಿಲ್ಲ.